ಆರ್‌ಸಿ ಯಾರ ಹೆಸರಲ್ಲಿದೆ?

ಹಳೆ ಕಾರು ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಅಂತ. ನಾನು ಮೊದಲು ಕೇಳುವುದು ‘ಆರ್‌ಸಿ ಯಾರ ಹೆಸರಲ್ಲಿದೆ?’ ಅಂತ. ಬ್ಯಾಂಕಿನಲ್ಲಿ ವಾಹನ ಸಾಲದ ಮೇಜಿನ ಹಿಂದೆ ಬಹಳ ವರ್ಷ ಕೂತವನಿಗೆ ಅಂಟಿಕೊಂಡ ಅಭ್ಯಾಸ ಇದು. ಮೀಟರಿನ ಅಂಕಿ ತಿದ್ದಬಹುದು, ಬಣ್ಣ ಹೊಡೆಸಬಹುದು, ಸೀಟಿಗೆ ಹೊಸ ಕವರ್ ಹಾಕಿಸಬಹುದು. ಗಾಡಿ ಎಷ್ಟು ಕೈ ದಾಟಿ ಬಂದಿದೆ, ಅದರ ಮೇಲೆ ಸಾಲ ಉಳಿದಿದೆಯೇ, ಇನ್ಶೂರೆನ್ಸ್ ಜೀವಂತವಾಗಿದೆಯೇ ಎನ್ನುವುದು ಮಾತ್ರ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಭದ್ರವಾಗಿ ಕೂತಿರುತ್ತದೆ. ಈಗಂತೂ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಒತ್ತಿದರೆ ಯಾರ್ಡಿನ ಗೇಟಿನಲ್ಲೇ ನಿಂತು ಅದಿಷ್ಟನ್ನೂ ನೋಡಬಹುದು.

ನನ್ನ ತಂಗಿ ಶಿವಮೊಗ್ಗದಲ್ಲಿದ್ದಾಳೆ. ಆಯನೂರಿನ ಆಚೆ ಒಂದು ಹೈಸ್ಕೂಲಿನಲ್ಲಿ ಟೀಚರ್. ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಬಸ್ಸಿಗೆ ಕಾದು, ನೆನೆದು, ಒದ್ದೆ ಸೀರೆಯಲ್ಲೇ ಮೊದಲ ಪೀರಿಯಡ್ ತೆಗೆದುಕೊಳ್ಳುವುದು ಅವಳಿಗೆ ಸಾಕಾಗಿತ್ತು. ‘ಅಣ್ಣಾ, ಒಂದು ಕಾರು ತಗೊಳ್ತೀನಿ. ಹೊಸದು ನನ್ನ ಕೈಲಾಗಲ್ಲ. ಹಳೇದು ಅಂದ್ರೆ ಭಯ. ಈ ಸರ್ಟಿಫೈಡ್ ಅಂತಾರಲ್ಲ, ಅದನ್ನ ನಂಬಬಹುದಾ?’ ಎಂದು ಫೋನಿನಲ್ಲಿ ಕೇಳಿದಳು. ಅವಳ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವಂತಿರಲಿಲ್ಲ. ನಮ್ಮ ಮನೆಯಲ್ಲಿ ಅವಳದೇ ಮೊದಲ ಕಾರು. ಜಿಪಿಎಫ್ ತೆಗೆದು, ಚೀಟಿ ಎತ್ತಿ ಕೂಡಿಸುತ್ತಿದ್ದ ಹಣ ಅದು. ಹಾಗಾಗಿ ಎರಡು ದಿನ ರಜೆ ಹಾಕಿ ಹೊರಟೆ.

ಕರ್ನಾಟಕದಲ್ಲಿ ಹಳೆ ಕಾರಿನ ಪರವಾಗಿ ಒಂದು ಗಟ್ಟಿ ಲೆಕ್ಕವಿದೆ. ನಮ್ಮಲ್ಲಿ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿರುವ ಕಡೆಗಳಲ್ಲಿ ಒಂದು. ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 14, ಅದರ ಮೇಲೆ ಸೆಸ್ಸು. ಏಳು ಲಕ್ಷದ ಹೊಸ ಕಾರು ಕೊಂಡರೆ ಗಾಡಿ ಶೋರೂಮಿನ ಮೆಟ್ಟಿಲು ಇಳಿಯುವ ಮೊದಲೇ 98,000 ರೂಪಾಯಿ ತೆರಿಗೆಗೆ ಹೋಗುತ್ತದೆ. ಈ ತೆರಿಗೆ ಗಾಡಿಯ ಜೀವಮಾನಕ್ಕೆ ಒಮ್ಮೆ ಕಟ್ಟುವಂಥದ್ದು. ರಾಜ್ಯದೊಳಗೆ ಕೈ ಬದಲಾದರೆ ಎರಡನೆಯವರು ಮತ್ತೆ ಕಟ್ಟಬೇಕಿಲ್ಲ. ಮೊದಲ ಮಾಲೀಕ ಕಟ್ಟಿದ್ದು ಎರಡನೆಯವರಿಗೂ ದಕ್ಕುತ್ತದೆ. ಮೊದಲ ಮೂರ್ನಾಲ್ಕು ವರ್ಷಗಳಲ್ಲಿ ಬೆಲೆ ಜೋರಾಗಿ ಇಳಿಯುವುದರ ಪೆಟ್ಟೂ ಆ ಮೊದಲ ಮಾಲೀಕನದೇ. ಸಂಬಳವನ್ನೇ ನಂಬಿರುವ ಮನೆಗೆ ಇವೆರಡೂ ಸಣ್ಣ ಸಂಗತಿಗಳಲ್ಲ.

ಹೊರರಾಜ್ಯದ ಗಾಡಿಯ ಲೆಕ್ಕ ಬೇರೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳನ್ನು ಓಡಿಸಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿಯ ದೊಡ್ಡ ದೊಡ್ಡ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೂ ಇಳಿದವು. ಬೆಲೆ ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಅಲ್ಲಿಂದ ಎನ್‌ಒಸಿ ತರಿಸಿ, ಇಲ್ಲಿಯ ತೆರಿಗೆ ಕಟ್ಟಿ, ಕೆಎ ನಂಬರ್ ಬರುವ ಹೊತ್ತಿಗೆ ಆ ಅಗ್ಗ ಎಲ್ಲಿ ಕರಗಿತೆಂದು ಹುಡುಕಬೇಕಾಗುತ್ತದೆ. ನಾವು ಕೆಎ ನಂಬರ್‌ ಬಿಟ್ಟು ಬೇರೇನೂ ನೋಡಲಿಲ್ಲ.

ಹಳೆ ಕಾರಿನ ಭಯ ಬರೀ ನಮ್ಮ ಮನೆಯದಲ್ಲ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ಭಯದ ಮೇಲೆ ಒಂದು ಲೇಖನ ಪ್ರಕಟಿಸಿದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಗಾಡಿಗೂ ಅಳೆದು ಸುರಿದು ನಡುವಿನ ಒಂದು ಬೆಲೆ ಕಟ್ಟುತ್ತಾನೆ. ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡವನು ಈ ಬೆಲೆಗೆ ಯಾಕೆ ಕೊಡಲಿ ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಕೊನೆಗೆ ಸಂತೆಯಲ್ಲಿ ಹುಳುಕೇ ಉಳಿಯುತ್ತದೆ. ಮೂರು ಪತ್ರಿಕೆಗಳು ಬೇಡವೆಂದು ಹಿಂದಿರುಗಿಸಿದ್ದ ಲೇಖನ ಅದು. ಅದಕ್ಕೆ ತುಸು ಮೊದಲು, 1967-68ರಲ್ಲಿ, ಅವರು ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುವುದೂ ಆ ಲೇಖನದಲ್ಲಿ ಬರುತ್ತದೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸಿದ ಅಕ್ಕಿ ಅದು. ನಮ್ಮ ಅಮ್ಮ ಜಗಲಿಯ ಬೆಳಕಿನಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನು ಅಷ್ಟು ದೂರದವರು ಅಷ್ಟು ಸರಿಯಾಗಿ ಕಂಡಿದ್ದರಲ್ಲ ಎಂದು ಓದಿದಾಗ ನನಗೆ ಅವರ ಮೇಲೆ ಬಹಳ ಗೌರವ ಹುಟ್ಟಿತು. ಇಂಥ ಸಂತೆ ಕೆಡದಂತೆ ಕಾಯುವುದು ಗ್ಯಾರಂಟಿ, ಹೆಸರುಳ್ಳ ಕಂಪನಿಯ ಮುದ್ರೆ ಮುಂತಾದವು ಎಂದೂ ಅವರು ಹೇಳಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಮಾರುತಿಯ ಟ್ರೂ ವ್ಯಾಲ್ಯೂ ನಮ್ಮ ದೇಶದಲ್ಲಿ ಶುರುವಾಯಿತು. ಆಮೇಲೆ ಟೊಯೊಟಾ, ಹ್ಯುಂಡೈ, ಹೋಂಡಾ, ಮಹೀಂದ್ರಾ ಎಲ್ಲರೂ ತಮ್ಮ ತಮ್ಮ ಮುದ್ರೆ ಹಿಡಿದು ಬಂದರು. ಈಚೆಗೆ ಫೋನಿನಲ್ಲೇ ಕಾರು ತೋರಿಸುವ ಸ್ಪಿನ್ನಿ, ಕಾರ್ಸ್24 ಕೂಡ ಬಂದಿವೆ.

ಶಿವಮೊಗ್ಗದಲ್ಲಿ ನಾವು ಮೊದಲು ಹೋದದ್ದು ಮುದ್ರೆಯಿಲ್ಲದ, ರಸ್ತೆ ಬದಿಯ ಯಾರ್ಡಿಗೆ. ಹೋಲಿಸಿ ನೋಡಬೇಕೆಂದು ನಾನೇ ಕರೆದುಕೊಂಡು ಹೋದೆ. ಜೊತೆಗೆ ತಂಗಿಯ ಸ್ಕೂಟರ್ ನೋಡಿಕೊಳ್ಳುವ ಗ್ಯಾರೇಜಿನ ಅಣ್ಣ ಹೇಳಿದ ಒಬ್ಬ ಕಾರ್ ಮೆಕ್ಯಾನಿಕ್ ಇದ್ದರು. ಅವರ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಜನ ಮೆಕ್ಯಾನಿಕ್‌ನನ್ನು ‘ಬಾರಯ್ಯ, ಒಂದ್ ಗಾಡಿ ನೋಡ್ಬೇಕು’ ಎಂದು ಕರೆದುಕೊಂಡು ಹೋಗಿ ಟೀ ಕುಡಿಸಿ ಕಳಿಸುತ್ತಾರೆ. ಅರ್ಧ ದಿನದ ಕೆಲಸ ಬಿಟ್ಟು ಬಂದವರಿಗೆ ಯಾರ್ಡಿನವರು ಹಿಂದಿನಿಂದ ಒಂದಷ್ಟು ಕೊಟ್ಟರೆ ಅವರ ಬಾಯಿ ಯಾವ ಕಡೆ ಮಾತಾಡೀತು? ಗಾಡಿ ಬೇಡವೆಂದರೂ ಕೊಡುವ ಫೀಸನ್ನು ಮೊದಲೇ ಮಾತಾಡಿ ಅವರ ಕೈಗಿಟ್ಟುಬಿಡಬೇಕು. ಲಕ್ಷಗಟ್ಟಲೆ ವ್ಯವಹಾರದಲ್ಲಿ ಅದು ಲೆಕ್ಕಕ್ಕೇ ಬಾರದ ಖರ್ಚು.

ಯಾರ್ಡಿನ ಮುಂದಿನ ಸಾಲಿನಲ್ಲಿ ಒಂದು ಬಿಳಿ ಸ್ವಿಫ್ಟ್ ನಿಂತಿತ್ತು, 2018ರದ್ದು. ಟೈರಿಗೆ ಕಪ್ಪು ಪಾಲಿಶ್, ಡ್ಯಾಶ್‌ಬೋರ್ಡಿಗೆ ಹೊಳಪು, ಒಳಗೆ ನಿಂಬೆ ವಾಸನೆ. ‘ಸಿಂಗಲ್ ಓನರ್ ಸಾರ್, ಡಾಕ್ಟರ್ ಗಾಡಿ, ಮೂವತ್ತೊಂದು ಸಾವಿರ ಓಡಿದೆ ಅಷ್ಟೇ’ ಎಂದರು ಯಾರ್ಡಿನವರು. ಮೆಕ್ಯಾನಿಕ್ ಸ್ಟಾರ್ಟ್ ಮಾಡಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟರು. ‘ಬೆಚ್ಚಗಿದೆ ಸಾರ್. ನಾವು ಬರೋಕೆ ಮುಂಚೆ ಓಡಿಸಿಟ್ಟಿದಾರೆ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ್ರೇನೆ ಕಾಯಿಲೆ ಗೊತ್ತಾಗೋದು’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಟೈರಿನ ಬದಿಯನ್ನು ಬಟ್ಟೆಯಿಂದ ಒರೆಸಿದರು. ರಬ್ಬರಿನ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿ ಇದ್ದದ್ದು 1423. ಅಂದರೆ 2023ರ ಹದಿನಾಲ್ಕನೇ ವಾರ ತಯಾರಾದ ಟೈರು. ನಾಲ್ಕೂ ಚಕ್ರಕ್ಕೆ ಅದೇ ವರ್ಷದ್ದು. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿದರೆ ಅದು ಮಾತ್ರ 2018. ‘ಕಂಪನಿ ಟೈರು ನಲವತ್ತು ಸಾವಿರ ಆದ್ರೂ ಬರುತ್ತೆ. ಮೂವತ್ತೊಂದು ಓಡಿದ ಗಾಡಿಗೆ ನಾಲ್ಕೂ ಯಾಕೆ ಬದಲಾಯ್ಸಿದ್ರು?’ ಕೇಳಿದರು. ಉತ್ತರ ಬರಲಿಲ್ಲ. ಡ್ರೈವರ್ ಬದಿಯ ಬಾಗಿಲು ತೆಗೆದು ಬ್ರೇಕ್ ಪೆಡಲಿನ ರಬ್ಬರ್ ತೋರಿಸಿದರು. ಗೆರೆಗಳೆಲ್ಲ ಸವೆದು ಬಲಗಡೆಯ ಅಂಚು ನುಣ್ಣಗಾಗಿತ್ತು. ಸರ್ವಿಸ್ ಹಿಸ್ಟರಿ ಕೊಡಿ ಎಂದು ನಾನು ಕೇಳಿದೆ. ‘ಹೊರಗಡೆ ಮಾಡಿಸ್ತಿದ್ರು ಸಾರ್’ ಎಂದರು. ಆ್ಯಪ್‌ನಲ್ಲಿ ನೋಡಿದರೆ ಗಾಡಿ ಎರಡನೇ ಮಾಲೀಕರ ಹೆಸರಲ್ಲಿತ್ತು, ಸಾಲವೂ ತೀರಿರಲಿಲ್ಲ. ನಮಸ್ಕಾರ ಹೇಳಿ ಹೊರಗೆ ಬಂದೆವು.

ತಂಗಿಗೆ ಬೇಜಾರಾಗಿತ್ತು. ‘ನೋಡೋಕೆ ಎಷ್ಟ್ ಚೆನ್ನಾಗಿತ್ತು’ ಎಂದಳು. ನೋಡೋಕೆ ಚೆನ್ನಾಗಿರುವಂತೆ ಮಾಡುವುದು ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ಅಗ್ಗದ ಕೆಲಸ.

ಸರ್ಟಿಫೈಡ್ ಯಾರ್ಡು ಬೇರೆ ಥರ. ಅಲ್ಲಿ ಚೌಕಾಶಿಗೆ ಜಾಗ ಕಡಿಮೆ. ಬೆಲೆಯೂ ಹೊರಗಿಗಿಂತ ಹೆಚ್ಚು. ಪರೀಕ್ಷೆ, ರಿಪೇರಿ, ವಾರಂಟಿ, ಮಾರ್ಜಿನ್ ಮೇಲಿನ ಜಿಎಸ್‌ಟಿ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಟ್ರೂ ವ್ಯಾಲ್ಯೂನವರು 376 ಅಂಶ ಪರೀಕ್ಷಿಸುತ್ತೇವೆ, ವರ್ಷದವರೆಗೆ ವಾರಂಟಿ, ಮೂರು ಸರ್ವಿಸ್ ಉಚಿತ ಎನ್ನುತ್ತಾರೆ. ಬೇರೆಯವರು 200 ಎನ್ನುತ್ತಾರೆ. ಕೊಳ್ಳುವವರಿಗೆ ಆ ಅಂಕಿಗಿಂತ ಮುಖ್ಯವಾಗಿ ತಿಳಿದಿರಬೇಕಾದ್ದು ಎರಡು ಸಂಗತಿ. ಅಂಥ ಯಾರ್ಡಿನ ಚಾವಣಿಯ ಕೆಳಗೆ ನಿಂತ ಗಾಡಿಯೆಲ್ಲ ಸರ್ಟಿಫೈಡ್ ಅಲ್ಲ. ವಯಸ್ಸು, ಓಟ ಮಿತಿ ಮೀರಿದ್ದರೆ ಮುದ್ರೆ ಸಿಗುವುದಿಲ್ಲ, ಆದರೂ ಅವು ಮಾರಾಟಕ್ಕೆ ಅಲ್ಲೇ ಪಕ್ಕದಲ್ಲಿ ನಿಂತಿರುತ್ತವೆ. ಆ ನಿರ್ದಿಷ್ಟ ಗಾಡಿಯ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಚಾಸಿಸ್ ನಂಬರ್ ತಾಳೆ ನೋಡಬೇಕು. ಇನ್ನೊಂದು, ವಾರಂಟಿ ಎಂದರೆ ಇಡೀ ಗಾಡಿಯಲ್ಲ. ಹೆಚ್ಚಾಗಿ ಇಂಜಿನ್ನು, ಗೇರ್‌ಬಾಕ್ಸು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿಯಂಥ ಸವೆಯುವ ಸಾಮಾನು ಅದರಲ್ಲಿ ಬರುವುದಿಲ್ಲ. ಈ ಹಾಳೆಯನ್ನು ಮನೆಗೆ ಹೋಗಿ ಓದೋಣ ಎನ್ನಬಾರದು. ಅಲ್ಲೇ ಕುರ್ಚಿ ಎಳೆದು ಕೂತು, ಅರ್ಥವಾಗದ್ದನ್ನು ಕೇಳಿ ಓದಬೇಕು. ನನ್ನ ಮೇಜಿಗೆ ಬರುತ್ತಿದ್ದವರಿಗೂ ಇದನ್ನೇ ಹೇಳುತ್ತಿದ್ದೆ.

ಆಮೇಲೆ ನಾವು ಹೋದ ಅಂಥ ಯಾರ್ಡಿನಲ್ಲಿ ತಂಗಿಗೆ ಹಿಡಿಸಿದ್ದು ಬೂದು ಬಣ್ಣದ ವ್ಯಾಗನ್‌ಆರ್, 2019ರದ್ದು, ಕೆಎ 14. ಮುದ್ರೆಯಿದೆ ಎಂದು ನಮ್ಮ ಮೆಕ್ಯಾನಿಕ್ ಕೈ ಕಟ್ಟಿ ನಿಲ್ಲಲಿಲ್ಲ. ಗೋಣಿಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಗಾಡಿಯ ಅಡಿಗೆ ತೂರಿದರು. ಶಿವಮೊಗ್ಗಕ್ಕೆ ಘಟ್ಟದ ಕೆಳಗಿನ ಕೆಎ 19, ಕೆಎ 20 ಗಾಡಿಗಳು ಧಾರಾಳ ಬರುತ್ತವೆ. ಉಪ್ಪುಗಾಳಿ, ಮಳೆ ತಿಂದ ಗಾಡಿ ಮೇಲೆ ಎಷ್ಟೇ ಹೊಳೆದರೂ ಅಡಿಯಲ್ಲಿ ತುಕ್ಕು ಹಿಡಿದು ಹಪ್ಪಳವಾಗಿರುತ್ತದೆ. ಇದು ಊರಿನದೇ ಗಾಡಿ, ಅಡಿ ಒಣಗಿತ್ತು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ಇವೆಯೇ ನೋಡಿದರು. ಬಾನೆಟ್ಟಿನ ಬೋಲ್ಟುಗಳ ತಲೆಗೆ ಸ್ಪ್ಯಾನರ್ ತಾಗಿದ ಗುರುತಿದೆಯೇ ನೋಡಿದರು. ಇಂಜಿನ್ ಆಯಿಲ್ ಮುಚ್ಚಳ ತಿರುಗಿಸಿ ಒಳಮೈಗೆ ಬೆರಳು ಹಚ್ಚಿದರು. ಅಲ್ಲಿ ಮಜ್ಜಿಗೆ ಬಣ್ಣದ ಜಿಡ್ಡಿದ್ದರೆ ಆಯಿಲಿಗೆ ಕೂಲೆಂಟ್ ನೀರು ಬೆರೆತಿದೆ ಎಂದರ್ಥ. ಕೊನೆಗೆ ಸೀಟ್ ಬೆಲ್ಟನ್ನು ತುದಿ ಮುಟ್ಟುವವರೆಗೆ ಎಳೆದರು. ‘ನೀರಲ್ಲಿ ಮುಳುಗಿದ ಗಾಡಿ ಎಲ್ಲಾ ಕಡೆ ತೊಳೀತಾರೆ ಮೇಡಂ. ಇದರ ಕೊನೇ ಮೊಳ ತೊಳೆಯೋದು ಮರೀತಾರೆ.’ 2015ರ ಚೆನ್ನೈ ಪ್ರವಾಹದಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ಮುಳುಗಿದ ಗಾಡಿಗಳನ್ನು ಟಿವಿಯಲ್ಲಿ ನೋಡಿದವರಿಗೆ ಈ ಬೆಲ್ಟಿನ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಬೆಲ್ಟು ಶುಭ್ರವಾಗಿತ್ತು. ಗಾಜಿನ ಹತ್ತಿರ ಅವರು ತಡೆದರು. ಕಾರಿನ ಪ್ರತಿ ಗಾಜಿನ ಮೂಲೆಯಲ್ಲೂ ತಯಾರಾದ ವರ್ಷದ ಗುರುತಿರುತ್ತದೆ. ಎಲ್ಲವೂ 2019 ಹೇಳುತ್ತಿದ್ದರೆ ಎಡಗಡೆ ಹಿಂದಿನ ಬಾಗಿಲಿನದು 2021 ಹೇಳುತ್ತಿತ್ತು. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಯಾರ್ಡಿನಲ್ಲೇ ಇತ್ತು, ಕೇಳಿ ತೆಗೆದುಕೊಂಡೆವು. ಕಂಪನಿ ಬಣ್ಣ ಸಾಮಾನ್ಯವಾಗಿ 150 ಮೈಕ್ರಾನ್ ಒಳಗಿರುತ್ತದೆ. ಆ ಬಾಗಿಲಿಗೆ ಇಟ್ಟಾಗ 300 ದಾಟಿತು. ಪುಟ್ಟಿ ಮೆತ್ತಿ ಬಣ್ಣ ಹೊಡೆದ ಬಾಗಿಲು. ತಂಗಿಯ ಮುಖ ಬಿಳಿಚಿತು.

ಯಾರ್ಡಿನ ಹುಡುಗಿ ನಮ್ಮ ಮುಖ ನೋಡಿ, ಒಳಗೆ ಹೋಗಿ ಒಂದು ಫೈಲ್ ತಂದಳು. ಇಪ್ಪತ್ತಾರೇಳು ವಯಸ್ಸಿರಬೇಕು. ‘ಇದು ರಿಪೋರ್ಟಲ್ಲೇ ಇದೆ ಸಾರ್. ಪಾರ್ಕಿಂಗಲ್ಲಿ ಆಟೋ ತಾಗಿಸಿದ್ದು. ಇನ್ಶೂರೆನ್ಸ್ ಕ್ಲೈಮ್ ಪೇಪರ್ ನೋಡಿ, ಒಂದು ಬಾಗಿಲು, ಒಂದು ಗಾಜು. ಪಿಲ್ಲರಿಗೆ ಪೆಟ್ಟಾಗಿಲ್ಲ’ ಎಂದು ಹಾಳೆ ತಿರುಗಿಸಿ ತೋರಿಸಿದಳು. ಕ್ಲೈಮಿನ ತಾರೀಖು, ಗಾಜಿನ ವರ್ಷ, ಸರ್ವಿಸ್ ಸೆಂಟರಿನ ಬಿಲ್ಲು ಮೂರೂ ಕೂಡಿಬಂದವು. ಮೆಕ್ಯಾನಿಕ್ ಮತ್ತೊಮ್ಮೆ ಪಿಲ್ಲರಿನ ವೆಲ್ಡಿಂಗ್ ನೋಡಿ ತಲೆಯಾಡಿಸಿದರು. ನನಗೆ ಆ ಕ್ಷಣದಲ್ಲೇ ತೀರ್ಮಾನವಾಯಿತು. ಏನೂ ಆಗಿಲ್ಲ ಎಂದು ಎದೆ ತಟ್ಟಿ ಹೇಳುವ ಗಾಡಿಗಿಂತ, ಇಲ್ಲಿ ಇಂಥದ್ದಾಗಿದೆ, ಹೀಗೆ ಸರಿಮಾಡಿದೆವು ಎಂದು ಕಾಗದದಲ್ಲಿ ಬರೆದುಕೊಡುವ ಗಾಡಿಯ ಮೇಲೆ ನನಗೆ ನಂಬಿಕೆ. ಸರ್ಟಿಫಿಕೇಟಿಗೆ ನಾವು ಕೊಡುವ ಹೆಚ್ಚಿನ ಹಣ ಹೋಗಬೇಕಾದ್ದು ಇದಕ್ಕೆ. ಪೆಟ್ಟನ್ನು ಬಚ್ಚಿಡದೆ ಬರೆದಿಟ್ಟಿದ್ದಕ್ಕೆ, ನಾಳೆ ನಾವು ಹಾಳೆ ಹಿಡಿದು ಬಂದರೆ ಅದೇ ವಿಳಾಸದಲ್ಲಿ ಒಬ್ಬರು ಕೂತಿದ್ದು ಉತ್ತರ ಹೇಳುವುದಕ್ಕೆ.

ಟೆಸ್ಟ್ ಡ್ರೈವ್ ತಂಗಿಯೇ ಮಾಡಿದಳು. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಎಸಿ ಬಂದ್ ಮಾಡಿಸಿ, ಹಂಪುಗಳ ಮೇಲೆ ಒಂದೊಂದೇ ಚಕ್ರ ಹತ್ತಿಸಿದರು. ಸಸ್ಪೆನ್ಷನ್ ಬುಷ್ ಒಂದು ಸಣ್ಣಗೆ ಕಟಕಟ ಎಂದಿತು. ಅದನ್ನು ಬದಲಾಯಿಸಿ ಕೊಡುವುದಾಗಿ ಯಾರ್ಡಿನವರು ಬರೆದುಕೊಟ್ಟ ಮೇಲೆಯೇ ಟೋಕನ್ ಅಡ್ವಾನ್ಸ್ ಕಟ್ಟಿದೆವು.

ಕಾಗದದ ಕೆಲಸ ನನ್ನದಾಯಿತು. ಇದರ ಬಗ್ಗೆ ನನಗೆ ಬಹಳ ಹೇಳುವುದಿದೆ. ಮಾರಿದವರು ಫಾರಂ 29, ಕೊಂಡವರೂ ಮಾರಿದವರೂ ಸೇರಿ ಫಾರಂ 30, ಹಳೆ ಸಾಲ ತೀರಿದ್ದರೆ ಆರ್‌ಸಿಯಲ್ಲಿರುವ ಎಚ್‌ಪಿ, ಅಂದರೆ ಸಾಲದ ನಮೂದು, ತೆಗೆಸಲು ಬ್ಯಾಂಕಿನ ಸಹಿಯಿರುವ ಫಾರಂ 35. ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನಮ್ಮಲ್ಲಿ ನಡೆಯುವುದು ಬೇರೆ. ಖಾಲಿ ಫಾರಮ್ಮಿಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು, ದುಡ್ಡು ಎಣಿಸಿಕೊಂಡು ಮನೆಗೆ ಬರುತ್ತಾರೆ. ನನ್ನ ಮೇಜಿಗೆ ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಮಾರಿ ವರ್ಷವಾಗಿದ್ದ ಕಾರಿನ ಅಪಘಾತಕ್ಕೆ ಅವರ ಹೆಸರಿಗೆ ನೋಟಿಸು ಬಂದಿತ್ತು. ಸಾಲ ತೀರಿದ ಪತ್ರ ತೋರಿಸಿದರೆ ತಾನು ಪಾರಾಗುತ್ತೇನೆಂದು ನಂಬಿಕೊಂಡಿದ್ದರು. ಕಾನೂನು ಹಾಗಿಲ್ಲ. ನವೀನ್ ಕುಮಾರ್, ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಹೇಳಿದೆ: ಗಾಡಿ ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದು. ಆ ಮೇಷ್ಟ್ರ ಕೈ ನಡುಗುತ್ತಿದ್ದುದು ಈಗಲೂ ನನಗೆ ನೆನಪಿದೆ.

ಇದಕ್ಕೊಂದು ಒಳ್ಳೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಬಂದಿದೆ. ಹಳೆ ಗಾಡಿ ಕೊಂಡು ಮಾರುವ ಡೀಲರು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬಹುದು. ಮಾಲೀಕರು ಅವರಿಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿ ಮೂಲಕ ತಿಳಿಸಿದರೆ, ಹೊಸಬರ ಹೆಸರಿಗೆ ಆಗುವವರೆಗೆ ಗಾಡಿಯ ಹೊಣೆ ಡೀಲರದೇ. ಮಾರುವವರು ಇದನ್ನು ಕೇಳಿ ಪಡೆಯಬೇಕು. ಕೊಳ್ಳುವವರೂ ಯಾರ್ಡಿನ ಅಧಿಕಾರಪತ್ರ ನೋಡಬೇಕು. ಇಷ್ಟು ವರ್ಷ ಸಹಿ ಹಾಕಿದವರ ತಲೆಯ ಮೇಲಿದ್ದ ಭಾರವನ್ನು ವ್ಯಾಪಾರ ಮಾಡುವವರ ಹೆಗಲಿಗೆ ಹಾಕಿದ ನಿಯಮ ಇದು. ದೊಡ್ಡ ಊರುಗಳಲ್ಲಿ ಮಾತ್ರವಲ್ಲ, ಸಾಗರ, ತೀರ್ಥಹಳ್ಳಿಯಂಥ ಕಡೆಯ ಯಾರ್ಡುಗಳಲ್ಲೂ ಇದು ಜಾರಿಯಾಗುವುದನ್ನು ನೋಡಬೇಕೆಂಬುದು ನನ್ನ ಆಸೆ. ಕಷ್ಟದ ದುಡ್ಡು ಹಿಡಿದು ಬರುವವರು ಅಲ್ಲೇ ಹೆಚ್ಚು.

ಇನ್ಶೂರೆನ್ಸಿಗೂ 14 ದಿನದ ಗಡುವಿದೆ, ಅಷ್ಟರೊಳಗೆ ಕೊಂಡವರು ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಬೇಕು. ಹಳೆ ಮಾಲೀಕರ ನೋ ಕ್ಲೈಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಅದರ ವ್ಯತ್ಯಾಸ ನಾವು ಕಟ್ಟಿದೆವು. ಬಾಕಿ ಟ್ರಾಫಿಕ್ ದಂಡ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಹಳೆ ಫಾಸ್ಟ್ಯಾಗ್ ಕೀಳಿಸಿ ಹೊಸದು ಹಾಕಿಸಿದೆವು. ಆರ್‌ಸಿ ತಂಗಿಯ ಹೆಸರಿಗೆ ಬಂದ ದಿನ ಅವಳು ಅದರ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಗೇರು ಬೀಳುವಾಗ ಕರಕರ ಸದ್ದು ಬರತೊಡಗಿತು. ನಾನು ಹೇಳುವ ಮೊದಲೇ ಅವಳು ವಾರಂಟಿ ಹಾಳೆ ತೆಗೆದುಕೊಂಡು ಯಾರ್ಡಿಗೆ ಹೋಗಿದ್ದಳು. ಅದೇ ಹುಡುಗಿ ಇದ್ದಳಂತೆ. ಗಾಡಿ ವರ್ಕ್‌ಶಾಪಿನಲ್ಲಿ ನಾಲ್ಕು ದಿನ ನಿಂತಿತು. ಗೇರ್‌ಬಾಕ್ಸಿನ ಭಾಗ ಬದಲಾಯಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಅದೇ ಹೊತ್ತಿಗೆ ಕ್ಲಚ್ ಪ್ಲೇಟೂ ಸವೆದಿದೆ ಎಂದರಂತೆ. ಅದು ವಾರಂಟಿಯಲ್ಲಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಜಗಳವಾಡದೆ ಕಟ್ಟಿ ಬಂದಳು.

ಈಗ ಅವಳ ಸ್ಟಾಫ್ ರೂಮಿನಲ್ಲಿ ಹಳೆ ಕಾರು ಕೊಳ್ಳುವವರೆಲ್ಲ ಅವಳನ್ನೇ ಕೇಳುತ್ತಾರೆ. ಮೊನ್ನೆ ಗಣಿತದ ಮೇಷ್ಟ್ರ ಜೊತೆ ಭದ್ರಾವತಿಗೆ ಹೋಗಿ ಒಂದು ಐ10 ನೋಡಿ ಬಂದಳಂತೆ. ಮೆಕ್ಯಾನಿಕ್ ಫೀಸು ಮೇಷ್ಟ್ರಿಂದಲೇ ಮುಂಚಿತವಾಗಿ ಕೊಡಿಸಿದ್ದಾಳೆ. ‘ಬೆಲ್ಟ್ ಎಳೆದೆ ಅಣ್ಣಾ, ತುದೀಲಿ ಕೆಮ್ಮಣ್ಣಿನ ಗೆರೆ ಇತ್ತು. ಬೇಡ ಅಂದ್ವಿ. ಬರೋ ಶನಿವಾರ ಇನ್ನೊಂದಿದೆ, ಅದರ ನಂಬರ್ ಕಳಿಸ್ತೀನಿ, ಆರ್‌ಸಿ ಯಾರ ಹೆಸರಲ್ಲಿದೆ ನೀನೂ ಒಂದ್ಸಲ ನೋಡು’ ಎಂದಳು.